ಸೊಂಟಪಟ್ಟಿಯ ವಂಶಾವಳಿ: ಮೆಕ್ಸಿಕೋದ ವೆಲ್ಟರ್‌ವೇಟ್ ಪಟ್ಟದ ನಕ್ಷೆ, ಇದುವರೆಗಿನ ಕೆಲಸ

ಜೂನ್

ಮೆಕ್ಸಿಕೋದ ವೃತ್ತಿಪರ ಕುಸ್ತಿಯ ಒಂದು ಪಟ್ಟ ಯಾರಿಂದ ಯಾರ ಕೈಗೆ ಹೋಯಿತೆಂದು ತೋರಿಸುವ ನಕ್ಷೆಯ ಅಳತೆ ನಿಶ್ಚಯವಾಯಿತು. ಒಂದು ವರ್ಷಕ್ಕೆ ಮೂರು ಸೆಂಟಿಮೀಟರ್. 1946ರಿಂದ 2010ರವರೆಗಿನ ಕಥೆಗೆ 192 ಸೆಂಟಿಮೀಟರ್ ಬೇಕು. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಕೊಳ್ಳುವ ಡ್ರಾಯಿಂಗ್ ಹಾಳೆಯ ಸುರುಳಿ ತಂದು ಊಟದ ಮೇಜಿನ ಮೇಲೆ ಬಿಚ್ಚಿದರೆ ಒಂದು ತುದಿ ಕೆಳಗೆ ಜೋತಾಡುತ್ತದೆ. ಇರಲಿ. ಹೆಸರುಗಳನ್ನು ಪಟ್ಟಿ ಮಾಡಿ ಒಂದರ ಕೆಳಗೊಂದು ಬರೆದರೆ ಐದು ವರ್ಷ ಆಳಿದವನೂ ಐದು ವಾರ ಆಳಿದವನೂ ಒಂದೊಂದೇ ಸಾಲಿನಲ್ಲಿ ಕುಳಿತುಬಿಡುತ್ತಾರೆ. ನನಗೆ ಬೇಕಾಗಿರುವುದು ಕಾಲದ ಉದ್ದ ಕಣ್ಣಿಗೆ ಕಾಣುವ ನಕ್ಷೆ.

ಪಟ್ಟದ ಪೂರ್ಣ ಹೆಸರು ಎನ್‌ಡಬ್ಲ್ಯುಎ ವಿಶ್ವ ವೆಲ್ಟರ್‌ವೇಟ್ ಚಾಂಪಿಯನ್‌ಷಿಪ್. ಎಪ್ಪತ್ತು ಕಿಲೋ ದಾಟಿದ, ಎಂಬತ್ತನ್ನು ಮುಟ್ಟದ ಕುಸ್ತಿಪಟುಗಳ ಪಟ್ಟ ಇದು. ಅಮೆರಿಕದ ವೃತ್ತಿಪರ ಕುಸ್ತಿಯಲ್ಲಿ ಮೆರೆದವರು ಭಾರೀ ಆಳುಗಳು. ಮೆಕ್ಸಿಕೋದಲ್ಲಿ ಹಾಗಲ್ಲ. ಅಲ್ಲಿನ ವೃತ್ತಿಪರ ಕುಸ್ತಿ, ಲೂಚಾ ಲಿಬ್ರೆ, ಬೆಳೆದದ್ದೇ ಹಗುರ ಮೈಯವರ ಚುರುಕಿನ ಮೇಲೆ. ಆದ್ದರಿಂದ ಬೇರೆಡೆ ಕಾರ್ಯಕ್ರಮದ ಆರಂಭದ ಪಂದ್ಯಕ್ಕೆ ಸೀಮಿತವಾಗುತ್ತಿದ್ದ ತೂಕದ ಪಟ್ಟ ಅಲ್ಲಿ ರಾತ್ರಿಯ ಮುಖ್ಯ ಆಕರ್ಷಣೆಯಾಗಿತ್ತು.

ಮೊದಲ ಗೆರೆ 1946ರಲ್ಲಿ ಬಿತ್ತು. ಪೀಟ್ ಪ್ಯಾಂಕಾಫ್‌ನನ್ನು ಮಣಿಸಿ ಎಲ್ ಸಾಂಟೊ ಈ ಪಟ್ಟದ ಮೊದಲ ಒಡೆಯನಾದ. ಬೆಳ್ಳಿ ಬಣ್ಣದ ಮುಖವಾಡ ತೊಟ್ಟು ಅವನು ಅಖಾಡಕ್ಕಿಳಿದದ್ದು 1942ರ ಜುಲೈನಲ್ಲಿ. ಅಂದರೆ ನಾಲ್ಕೇ ವರ್ಷಗಳಲ್ಲಿ ವಿಶ್ವ ಪಟ್ಟ. ಅವನ ಗೆರೆಗೆ ಬೆಳ್ಳಿ ಶಾಯಿಯ ಪೆನ್ನನ್ನೇ ಕೊಂಡೆ, ಬೂದುಬಣ್ಣದಲ್ಲಿ ಎಳೆಯಲು ಮನಸ್ಸು ಒಪ್ಪಲಿಲ್ಲ.

ಆರಂಭದ ಚುಕ್ಕಿಯ ಪಕ್ಕದಲ್ಲಿ ಸಣ್ಣ ಅಕ್ಷರಗಳಲ್ಲಿ ಒಂದು ವಿಷಯ ಬರೆದಿದ್ದೇನೆ. ನ್ಯಾಷನಲ್ ರೆಸ್ಲಿಂಗ್ ಅಲಯನ್ಸ್, ಅಂದರೆ ಎನ್‌ಡಬ್ಲ್ಯುಎ, ಎಂಬ ಕುಸ್ತಿ ಸಂಘಟಕರ ಒಕ್ಕೂಟ ಅಮೆರಿಕದ ಅಯೋವಾದಲ್ಲಿ ಹುಟ್ಟಿದ್ದು 1948ರಲ್ಲಿ. ಪಟ್ಟ ಅದಕ್ಕಿಂತ ಎರಡು ವರ್ಷ ಹಿರಿಯದು. ಅದನ್ನು ನಡೆಸುತ್ತಿದ್ದದ್ದು ಸಾಲ್ವದೋರ್ ಲುಟೆರೋಥ್ 1933ರ ಸೆಪ್ಟೆಂಬರಿನಲ್ಲಿ ಮೆಕ್ಸಿಕೋ ನಗರದಲ್ಲಿ ಕಟ್ಟಿದ ಇಎಂಎಲ್‌ಎಲ್ ಎಂಬ ಕುಸ್ತಿ ಸಂಸ್ಥೆ. 1950ರ ದಶಕದಲ್ಲಿ ಲುಟೆರೋಥ್ ಒಕ್ಕೂಟ ಸೇರಿದ ಮೇಲೆಯೇ ಎನ್‌ಡಬ್ಲ್ಯುಎ ಎಂಬ ಅಕ್ಷರಗಳು ಬಂದು ಅಂಟಿಕೊಂಡವು. ವೆಲ್ಟರ್, ಮಿಡ್ಲ್, ಲೈಟ್ ಹೆವಿ ಎಂಬ ಮೂರು ತೂಕಗಳ ವಿಶ್ವ ಪಟ್ಟಗಳ ಉಸ್ತುವಾರಿ ಮೆಕ್ಸಿಕೋದ ಪಾಲಿಗೆ ಬಂತು. ಈ ಟಿಪ್ಪಣಿಯನ್ನು ಓದುವವರು ನೆನಪಿಟ್ಟುಕೊಳ್ಳಬೇಕು, ನಕ್ಷೆಯ ಇನ್ನೊಂದು ತುದಿಯಲ್ಲಿ ಇದೇ ಅಕ್ಷರಗಳಿಗಾಗಿ ಜಗಳವಾಗುತ್ತದೆ.

ಜುಲೈ

ತಿಂಗಳು ಪೂರ್ತಿ 1952ರಿಂದ 1965ರ ನಡುವೆಯೇ ಕಳೆಯಿತು. ನಕ್ಷೆಯಲ್ಲಿ ಇದು ನಲವತ್ತು ಸೆಂಟಿಮೀಟರಿಗಿಂತ ಕಡಿಮೆ ಜಾಗ. ಆದರೆ ನನ್ನ ಮಟ್ಟಿಗೆ ಇಡೀ ಪಟ್ಟದ ಜೀವ ಇರುವುದು ಇಲ್ಲಿ.

1952ರ ನವೆಂಬರ್ 7ರಂದು ಸಾಂಟೊ ಬ್ಲ್ಯಾಕ್ ಶ್ಯಾಡೊ ವಿರುದ್ಧ ಮುಖವಾಡ ಪಣಕ್ಕಿಟ್ಟು ಸೆಣಸಿದ. ಶ್ಯಾಡೊ ಸೋತು ಮುಖವಾಡ ಕಳಚಿದ. ಶ್ಯಾಡೊನ ಜೋಡಿ ಬ್ಲೂ ಡೀಮನ್. ಇಬ್ಬರೂ ಅಖಾಡದಲ್ಲಿ ಅಣ್ಣತಮ್ಮಂದಿರೆಂದೇ ಹೆಸರಾಗಿದ್ದವರು. ಮರುವರ್ಷ, 1953ರಲ್ಲಿ, ಡೀಮನ್ ಆ ಲೆಕ್ಕವನ್ನು ಚುಕ್ತಾ ಮಾಡಿದ. ಸಾಂಟೊನನ್ನು ಸೋಲಿಸಿ ವೆಲ್ಟರ್‌ವೇಟ್ ಪಟ್ಟವನ್ನೇ ಕಿತ್ತುಕೊಂಡ.

ಸಾಂಟೊ ಎಂದರೆ ಬೆಳ್ಳಿತೆರೆಯ ನಾಯಕ, ದೀನರಕ್ಷಕ ಎಂದು ಕೇಳಿದವರಿಗೆ ಈ ಭಾಗ ತಲೆಕೆಳಗಾಗಿ ಕಾಣುತ್ತದೆ. ಆಗ ಅವನು ರುಡೊ, ಎಂದರೆ ನಿಯಮ ಮುರಿದು ಗೆಲ್ಲುವ ಖಳ. ಅವನು ಟೆಕ್ನಿಕೊಗಳ ಸಾಲಿಗೆ, ಸಭ್ಯ ಕುಸ್ತಿಯವರ ಪಕ್ಷಕ್ಕೆ ಬಂದದ್ದು 1962ರಲ್ಲಿ. 1953ರ ಪ್ರೇಕ್ಷಕರು ಎದ್ದುನಿಂತು ಕೂಗಿದ್ದು ನೀಲಿ ಮುಖವಾಡದವನ ಪರವಾಗಿ.

ಇನ್ನೊಂದು ಮಾತನ್ನೂ ಹೇಳಬೇಕು. ಮೆಕ್ಸಿಕೋದಲ್ಲಿ ಮುಖವಾಡಕ್ಕಿರುವ ಬೆಲೆ ಪಟ್ಟಕ್ಕಿಲ್ಲ. ಪಟ್ಟ ಹೋದರೆ ಮುಂದಿನ ವರ್ಷ ಮರಳಿ ಪಡೆಯಬಹುದು, ಮುಖವಾಡ ಹೋದರೆ ಹೋಯಿತು. ಹಾಗಿರುವಾಗ ಪಟ್ಟದ ಪಂದ್ಯಕ್ಕೆ ಏನು ಮಹತ್ವ ಎಂದು ಕೇಳಬಹುದು. ಮಹತ್ವ ಇರುವುದು ಅದರ ಶಿಸ್ತಿನಲ್ಲಿ. ಮೂರು ಸುತ್ತುಗಳಲ್ಲಿ ಎರಡನ್ನು ಗೆಲ್ಲಬೇಕು. ತೂಕದ ಮಿತಿಯೊಳಗಿರಬೇಕು. ಮುಖವಾಡದ ಪಂದ್ಯದಲ್ಲಿ ರಕ್ತ ಹರಿದರೂ ಜನ ಒಪ್ಪುತ್ತಾರೆ. ಪಟ್ಟದ ಪಂದ್ಯದಲ್ಲಿ ಅವರು ಕಾಯುವುದು ನೆಲದ ಮೇಲಿನ ಪಟ್ಟುಗಳಿಗೆ: ಕಾಲು ಸಿಕ್ಕಿಸಿ ಉರುಳಿಸುವುದು, ತೋಳು ತಿರುಚಿ ಒತ್ತುವುದು, ಅದರಿಂದ ಜಾರಿ ಬಿಡಿಸಿಕೊಂಡು ಎದುರಾಳಿಯ ಮೇಲೆ ಅದೇ ಪಟ್ಟು ಹಾಕುವುದು. ಖಳ ಎನಿಸಿಕೊಂಡವನೂ ಆ ರಾತ್ರಿ ತಾನು ಕಲಿತ ವಿದ್ಯೆ ತೋರಿಸಲೇಬೇಕು.

ಡೀಮನ್‌ನ ನೀಲಿ ಗೆರೆ 1958ರವರೆಗೆ, ಸುಮಾರು ಹದಿನೈದು ಸೆಂಟಿಮೀಟರ್, ಎಲ್ಲಿಯೂ ತುಂಡಾಗದೆ ಹೋಗುತ್ತದೆ. ಅಲ್ಲಿ ಅವನಿಂದ ಪಟ್ಟ ಕಸಿದವನು ಕಾರ್ಲಾಫ್ ಲಗಾರ್ದೆ. ಮುಖವಾಡವಿಲ್ಲದ ರುಡೊ, ಸಿನಲೋವಾ ಕಡೆಯವನು. ಅವನ ಗೆರೆ ಇನ್ನೂ ಉದ್ದ: 1958ರಿಂದ 1965ರವರೆಗೆ, ಇಪ್ಪತ್ತೊಂದು ಸೆಂಟಿಮೀಟರಿನಷ್ಟು. ಒಬ್ಬನೇ ಮನುಷ್ಯ ಏಳು ವರ್ಷ ಒಂದೇ ಪಟ್ಟವನ್ನು ಸೊಂಟಕ್ಕೆ ಕಟ್ಟಿಕೊಂಡು ಊರೂರು ತಿರುಗಿದ. ಅವನ ಜೋಡಿ ರೆನೆ ಗುವಾಹಾರ್ದೊ ಅದೇ ದಶಕದಲ್ಲಿ ಮಿಡ್ಲ್‌ವೇಟ್ ವಿಶ್ವ ಪಟ್ಟ ಗೆದ್ದವನು. ಗುವಾಹಾರ್ದೊ ಮತ್ತು ಬ್ಲೂ ಡೀಮನ್ ಇಬ್ಬರಿಗೂ ಮಾಂಟೆರೆಯಲ್ಲಿ ಕುಸ್ತಿ ಕಲಿಸಿದವನು ಒಬ್ಬನೇ, ರೊಲಾಂಡೊ ವೆರಾ. ವೆರಾನ ಹೆಸರನ್ನು ಗೆರೆಯ ಕೆಳಗೆ ಪೆನ್ಸಿಲಿನಲ್ಲಿ ಬರೆದಿದ್ದೇನೆ. ಈ ಪಟ್ಟದ ಕಥೆಯಲ್ಲಿ ಗುರುವಿಗೆ ಒಂದು ಮೂಲೆಯಾದರೂ ಇರಲೇಬೇಕು.

ಫಲಿತಾಂಶ ಮೊದಲೇ ಗೊತ್ತುಮಾಡಿದ ಕುಸ್ತಿಗೆ ಇಷ್ಟು ದೊಡ್ಡ ನಕ್ಷೆ ಏಕೆ ಎಂದು ಮನೆಗೆ ಬಂದ ಗೆಳೆಯರೊಬ್ಬರು ಕೇಳಿದರು. ಗೊತ್ತುಮಾಡಿದ್ದು ಎಂಬ ಕಾರಣಕ್ಕೇ ಈ ನಕ್ಷೆ ನನಗೆ ಮುಖ್ಯ ಎಂದೆ. ಓಟದ ಸ್ಪರ್ಧೆಯ ದಾಖಲೆ ಯಾರು ವೇಗವಾಗಿ ಓಡಿದರು ಎಂದು ಹೇಳುತ್ತದೆ, ಅಷ್ಟೇ. ಇಲ್ಲಿ ಪ್ರತಿ ಗೆರೆಯ ಹಿಂದೆಯೂ ಒಬ್ಬ ಸಂಘಟಕನ ತೀರ್ಮಾನ ಇದೆ: ಯಾರನ್ನು ನಂಬಿ ಇಡೀ ಮನೆಯನ್ನು ಒಪ್ಪಿಸುವುದು, ಯಾರ ಹೆಸರು ಗೋಡೆಯ ಪೋಸ್ಟರಿನಲ್ಲಿದ್ದರೆ ಜನ ಟಿಕೆಟ್ ಕೊಳ್ಳುತ್ತಾರೆ. ಲಗಾರ್ದೆಯ ಇಪ್ಪತ್ತೊಂದು ಸೆಂಟಿಮೀಟರ್ ಎಂದರೆ ಏಳು ವರ್ಷ ಕದಲದ ನಂಬಿಕೆ. ಉದ್ದ ಗೆರೆಗಳ ಕಾಲದಲ್ಲಿ ಸಂಘಟಕರಿಗೆ ಅವಸರ ಇರಲಿಲ್ಲ.

1965ರಲ್ಲಿ ಲಗಾರ್ದೆಯ ಗೆರೆ ನಿಲ್ಲಿಸಿದವನು ಹುರಕಾನ್ ರಮೀರೆಸ್. ಈ ಪಾತ್ರ ಮೊದಲು ಹುಟ್ಟಿದ್ದು ಸಿನಿಮಾ ಪರದೆಯ ಮೇಲೆ, ಆಮೇಲೆ ನಿಜವಾದ ಕುಸ್ತಿಪಟು ಅದರ ಮುಖವಾಡ ತೊಟ್ಟ. ಎದುರಾಳಿಯ ಹೆಗಲೇರಿ ಕಾಲುಗಳಿಂದ ತಲೆ ಹಿಡಿದು ಹಿಂದಕ್ಕೆ ಮಗುಚಿ ಬೀಳಿಸುವ ಪಟ್ಟಿಗೆ ಅವನದೇ ಹೆಸರು, ಹುರಕಾನ್‌ರಾನಾ. ನಮ್ಮಲ್ಲಿ ಟೀವಿಯಲ್ಲಿ ರೇ ಮಿಸ್ಟೀರಿಯೊ ಆಟ ನೋಡಿ ಬೆಳೆದವರು ಹೆಸರು ತಿಳಿಯದೆಯೂ ಈ ಪಟ್ಟನ್ನು ನೂರಾರು ಸಲ ನೋಡಿರುತ್ತಾರೆ. ಅದರ ಮೂಲ ಪುರುಷ ನನ್ನ ನಕ್ಷೆಯ ನಡುಭಾಗದಲ್ಲಿದ್ದಾನೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಆಗಸ್ಟ್

ಕೆಲಸ ಬೇಗ ಸಾಗಿತು. 1975ರಲ್ಲಿ ಇಎಂಎಲ್‌ಎಲ್‌ನಿಂದ ಒಡೆದುಹೋದವರು ಯುಡಬ್ಲ್ಯುಎ ಎಂಬ ಬೇರೆ ಸಂಸ್ಥೆ ಕಟ್ಟಿಕೊಂಡರು, ತಮ್ಮದೇ ವಿಶ್ವ ಪಟ್ಟಗಳನ್ನು ತಂದರು. 1980ರ ದಶಕದಲ್ಲಿ ಇಎಂಎಲ್‌ಎಲ್ ಎನ್‌ಡಬ್ಲ್ಯುಎ ಒಕ್ಕೂಟದಿಂದ ಹೊರಬಂತು, ಆದರೆ ಮೂರು ಪಟ್ಟಗಳನ್ನು ಹೆಸರು ಸಹಿತ ಉಳಿಸಿಕೊಂಡಿತು. 1990ರ ದಶಕದ ಆರಂಭದಲ್ಲಿ ಸಂಸ್ಥೆಯ ಹೆಸರು ಸಿಎಂಎಲ್‌ಎಲ್ ಎಂದಾಯಿತು. 1992ರಲ್ಲಿ ಅದು ಸ್ವಂತ ವಿಶ್ವ ವೆಲ್ಟರ್‌ವೇಟ್ ಪಟ್ಟವನ್ನೂ ಹುಟ್ಟುಹಾಕಿತು. ಒಂದೇ ತೂಕಕ್ಕೆ ಎಷ್ಟು ವಿಶ್ವಗಳು! ಇವೆಲ್ಲವನ್ನೂ ಮುಖ್ಯ ಗೆರೆಯ ಮೇಲೆ ತೆಳು ಸಮಾಂತರ ಗೆರೆಗಳಾಗಿ ಎಳೆದು ಮುಂದೆ ಹೋದೆ.

ಸೆಪ್ಟೆಂಬರ್

ಈಗ ಗೆರೆ ಜಪಾನಿಗೆ ಹಾರುತ್ತದೆ. ಇದನ್ನು ಕೆಂಪು ಶಾಯಿಯಲ್ಲಿ ಬರೆದೆ.

1996ರ ಆಗಸ್ಟಿನಲ್ಲಿ ಟೋಕಿಯೊದ ರ್ಯೋಗೊಕು ಸುಮೊ ಸಭಾಂಗಣದಲ್ಲಿ ಎಂಟು ಮಂದಿ ಚಾಂಪಿಯನ್ನರು ತಮ್ಮ ತಮ್ಮ ಪಟ್ಟ ಪಣಕ್ಕಿಟ್ಟರು. ಗೆದ್ದವನಿಗೆ ಎಂಟೂ. ಜೆ-ಕ್ರೌನ್ ಎಂದು ಅದರ ಹೆಸರು. ವೆಲ್ಟರ್‌ವೇಟ್ ಪಟ್ಟವನ್ನು ಅಲ್ಲಿಗೆ ಹೊತ್ತುತಂದವನು ಮೆಕ್ಸಿಕೋದ ನೆಗ್ರೊ ಕಾಸಾಸ್. ಕೊನೆಗೆ ಎಂಟನ್ನೂ ಗೆದ್ದವನು ದ ಗ್ರೇಟ್ ಸಾಸುಕೆ, ಅದೂ ಅಂತಿಮ ಪಂದ್ಯದಲ್ಲಿ ತಲೆಬುರುಡೆ ಬಿರುಕುಬಿಟ್ಟರೂ. ಅಕ್ಟೋಬರಿನಲ್ಲಿ ಅವನಿಂದ ಊಲ್ತಿಮೊ ದ್ರಾಗೊನ್ ಗೆದ್ದುಕೊಂಡ. ಅವನು ಹುಟ್ಟಿನಿಂದ ಜಪಾನಿಯಾದರೂ ಕುಸ್ತಿಪಟುವಾಗಿ ರೂಪುಗೊಂಡದ್ದು ಮೆಕ್ಸಿಕೋದಲ್ಲಿ.

ಡಿಸೆಂಬರ್ 29ರಂದು ಅಮೆರಿಕದ ನ್ಯಾಶ್‌ವಿಲ್‌ನಲ್ಲಿ ಡೀನ್ ಮಲೆಂಕೊನನ್ನು ಸೋಲಿಸಿ ದ್ರಾಗೊನ್ ಇನ್ನೊಂದು ಪಟ್ಟ ಸೇರಿಸಿಕೊಂಡ. ಎನ್‌ಡಬ್ಲ್ಯುಎ ಮಿಡ್ಲ್‌ವೇಟ್ ಪಟ್ಟವೂ ಅವನ ಬಳಿ ಇದ್ದದ್ದರಿಂದ ಒಟ್ಟು ಹತ್ತು. ಆ ಕಾಲದ ಪ್ರಸಿದ್ಧ ಚಿತ್ರದಲ್ಲಿ ಅವನ ಸೊಂಟ, ಹೆಗಲು, ತೋಳು ಎಲ್ಲೆಲ್ಲೂ ಪಟ್ಟಿಗಳು. ಚರ್ಮ, ಹಿತ್ತಾಳೆಗಳ ನಡುವೆ ಕಾಣುವುದು ಮುಖವಾಡ ಒಂದೇ. 1997ರ ಜನವರಿ 4ರಂದು ಟೋಕಿಯೊ ಡೋಮ್‌ನಲ್ಲಿ ಜುಶಿನ್ ಥಂಡರ್ ಲೈಗರ್ ಜೆ-ಕ್ರೌನ್ ಗೆದ್ದುಕೊಂಡ. ಹತ್ತು ಪಟ್ಟಗಳ ವೈಭವಕ್ಕೆ ಒಂದು ವಾರವೂ ತುಂಬಿರಲಿಲ್ಲ. ನನ್ನ ಅಳತೆಯಲ್ಲಿ ಅದು ಅರ್ಧ ಮಿಲಿಮೀಟರ್. ನನ್ನ ಬಳಿ ಇರುವ ಅತಿ ಸಣ್ಣ ಪೆನ್ನಿನ ಮೊನೆಯೇ ಅಷ್ಟು ದಪ್ಪ ಇದೆ, ಆದ್ದರಿಂದ ಅದು ಗೆರೆಯಾಗಲಿಲ್ಲ, ಚುಕ್ಕಿಯಾಯಿತು. ಲಗಾರ್ದೆಯ ಇಪ್ಪತ್ತೊಂದು ಸೆಂಟಿಮೀಟರ್ ಎಳೆದ ಅದೇ ಹಾಳೆಯ ಮೇಲೆ!

ಲೈಗರ್, ಎಲ್ ಸಮುರಾಯ್, ಶಿಂಜಿರೊ ಓತಾನಿ. ಮೂವರ ಗೆರೆಗಳೂ ಒಂದು ವರ್ಷದ ಜಾಗದೊಳಗೆ ಮುಗಿಯುತ್ತವೆ. ತನ್ನ ಲೈಟ್ ಹೆವಿವೇಟ್ ಪಟ್ಟ ಬೇಕೆಂದು ಅಮೆರಿಕದ ಡಬ್ಲ್ಯುಡಬ್ಲ್ಯುಎಫ್ ಸಂಸ್ಥೆ ಕೇಳಿದಾಗ ಗಂಟು ಬಿಚ್ಚಿತು. 1997ರ ನವೆಂಬರಿನಲ್ಲಿ ಓತಾನಿ ಒಂದನ್ನು ಉಳಿಸಿಕೊಂಡು ಏಳನ್ನು ಬಿಟ್ಟುಕೊಟ್ಟ. ಬಿಡುಗಡೆಯಾದ ವೆಲ್ಟರ್‌ವೇಟ್ ಪಟ್ಟ ಮುಂದೆ ದ್ರಾಗೊನ್‌ನ ತೊರ್ಯುಮೊನ್ ಸಂಸ್ಥೆಯ ಹುಡುಗರ ಕೈಗೆ ಹೋಯಿತು. 2007ರಲ್ಲಿ ಲಾ ಸೋಂಬ್ರಾ ಎಂಬ ತರುಣ ಹಾಜಿಮೆ ಒಹಾರಾನಿಂದ ಅದನ್ನು ಗೆದ್ದಾಗ ಪಟ್ಟ ಮತ್ತೆ ಸಿಎಂಎಲ್‌ಎಲ್ ಮನೆ ಸೇರಿತು. ಆ ಜಾಗದಲ್ಲಿ ಕೆಂಪು ನಿಲ್ಲಿಸಿ ಹಸಿರು ಶಾಯಿಗೆ ಬಂದಾಗ ನಿಜಕ್ಕೂ ಸಮಾಧಾನವಾಯಿತು.

ಅಕ್ಟೋಬರ್

ಈ ತಿಂಗಳ ಕೆಲಸಕ್ಕಾಗಿಯೇ ನಕ್ಷೆಗೆ ಕೈಹಾಕಿದ್ದೆ ಎನ್ನಬಹುದು.

ಬ್ಲೂ ಡೀಮನ್ 2000ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನ ದತ್ತುಮಗ ಅದಕ್ಕೂ ಮೊದಲೇ ಅದೇ ನೀಲಿ ಮುಖವಾಡ ತೊಟ್ಟು ಬ್ಲೂ ಡೀಮನ್ ಜೂನಿಯರ್ ಆಗಿದ್ದ. 2008ರ ಅಕ್ಟೋಬರ್ 25ರಂದು ಮೆಕ್ಸಿಕೋ ನಗರದಲ್ಲಿ ಆಡಂ ಪಿಯರ್ಸ್‌ನನ್ನು ಸೋಲಿಸಿ ಎನ್‌ಡಬ್ಲ್ಯುಎ ವಿಶ್ವ ಹೆವಿವೇಟ್ ಪಟ್ಟ ಗೆದ್ದ. ಮುಖವಾಡಧಾರಿಯೊಬ್ಬ ಆ ಪಟ್ಟ ಗೆದ್ದದ್ದು ಅದೇ ಮೊದಲು. ಎನ್‌ಡಬ್ಲ್ಯುಎ ಮೆಕ್ಸಿಕೋ ಶಾಖೆಯ ಮುಖ್ಯಸ್ಥನೂ ಅವನೇ ಆದ. ಒಕ್ಕೂಟದ ಸದಸ್ಯತ್ವ ಇಲ್ಲದ ಸಿಎಂಎಲ್‌ಎಲ್ ಆ ಹೆಸರಿನ ಪಟ್ಟಗಳನ್ನು ನಡೆಸಬಾರದು ಎಂಬ ಒತ್ತಾಯದ ಮುಂಚೂಣಿಯಲ್ಲಿ ಅವನಿದ್ದ.

ಅಪ್ಪ ಐದು ವರ್ಷ ಸೊಂಟಕ್ಕೆ ಕಟ್ಟಿದ ಪಟ್ಟದ ಹೆಸರನ್ನು ಮಗ ಮರಳಿ ಕೇಳಿದ. 1953ರ ಚುಕ್ಕಿಯಿಂದ 2010ರ ಚುಕ್ಕಿಗೆ ನೀಲಿ ಶಾಯಿಯಲ್ಲಿ ಒಂದು ಕಮಾನು ಎಳೆದೆ. ಅಡಿಯಲ್ಲಿ 171 ಸೆಂಟಿಮೀಟರ್, ಹೆಚ್ಚುಕಡಿಮೆ ಹಾಳೆಯ ಈ ತುದಿಯಿಂದ ಆ ತುದಿ. ಯಾರು ಸರಿ ಎಂಬ ಬಗ್ಗೆ ನನಗೆ ಗಟ್ಟಿಯಾದ ಅಭಿಪ್ರಾಯ ಇದೆ. ಕಾಗದದ ಹಕ್ಕು ಒಕ್ಕೂಟದ್ದು. ಆದರೆ ದಶಕಗಳ ಕಾಲ ಶುಕ್ರವಾರ, ಭಾನುವಾರ ಎನ್ನದೆ ಆ ಪಟ್ಟಕ್ಕೆ ಅರ್ಥ ತುಂಬಿದ್ದು ಮೆಕ್ಸಿಕೋದ ಅಖಾಡಗಳು. ಒಕ್ಕೂಟ ಹುಟ್ಟುವ ಮೊದಲೇ ಅಲ್ಲಿ ಪಟ್ಟ ಇತ್ತು.

2010ರ ಆಗಸ್ಟಿನಲ್ಲಿ ಸಿಎಂಎಲ್‌ಎಲ್ ಮೂರು ಪಟ್ಟಗಳನ್ನು ಕೈಬಿಟ್ಟು, ಅವುಗಳ ಜಾಗದಲ್ಲಿ ಹೊಸ ಬೆಲ್ಟ್‌ಗಳನ್ನು ತಂದಿತು. ಹೆಸರು ‘ವಿಶ್ವ ಐತಿಹಾಸಿಕ’ ಪಟ್ಟ. ಮಿಡ್ಲ್‌ವೇಟ್‌ನಲ್ಲಿ ಹಳೆಯ ಪಟ್ಟ ಹೊಂದಿದ್ದ ಅವೆರ್ನೊನನ್ನೇ ಹೊಸದರ ಮೊದಲ ಚಾಂಪಿಯನ್ ಎಂದು ಘೋಷಿಸಲಾಯಿತು. ಎನ್‌ಡಬ್ಲ್ಯುಎ ಎಂಬ ಅಕ್ಷರಗಳು ಐತಿಹಾಸಿಕದ ಹಿಂದೆ ಹಾಗೆಯೇ ಉಳಿದವು! ನಿಯಮದ ಪ್ರಕಾರ ಹೊಸ ಪಟ್ಟ, ಹೊಸ ಎಣಿಕೆ. ಆದ್ದರಿಂದ 2010ರಲ್ಲಿ ಒಂದು ಅಡ್ಡಗೆರೆ ಹಾಕಿದ್ದೇನೆ. ಅದರಾಚೆಗೆ ಗೆರೆಯನ್ನು ಮುಂದುವರಿಸಿದ್ದೂ ಹೌದು, ಚುಕ್ಕೆಗಳಲ್ಲಿ. ವೊಲಾಡೋರ್ ಜೂನಿಯರ್ ಆ ಐತಿಹಾಸಿಕ ವೆಲ್ಟರ್‌ವೇಟ್ ಪಟ್ಟ ಗೆದ್ದಾಗ ಮೆಕ್ಸಿಕೋದ ಪ್ರೇಕ್ಷಕ ನೆನೆದದ್ದು ಸಾಂಟೊ, ಡೀಮನ್, ಲಗಾರ್ದೆಯರ ಸಾಲನ್ನೇ ಎಂದು ನಾನು ನಂಬುತ್ತೇನೆ.

ಮುಂದಿನ ಕೆಲಸ: ಸುರುಳಿಯ ಎರಡೂ ತುದಿಗೆ ಬಟ್ಟೆಯ ಅಂಚು ಹೊಲಿಸಿ ಮರದ ಕೋಲು ಕಟ್ಟಬೇಕು, ಇಲ್ಲದಿದ್ದರೆ ಗೋಡೆಯ ಮೇಲೆ ನೆಟ್ಟಗೆ ನಿಲ್ಲುವುದಿಲ್ಲ. ಬೆಳ್ಳಿ ಶಾಯಿ ಒಂದೆರಡು ಕಡೆ ಮಸುಕಾಗಿದೆ, ಮತ್ತೊಮ್ಮೆ ತಿದ್ದಬೇಕು. ಆಮೇಲೆ ಇದರ ಕೆಳಗೇ ಮಿಡ್ಲ್‌ವೇಟ್ ಗೆರೆ ಶುರು. ಅದು 1939ರಿಂದ, ಗಸ್ ಕಾಲಿಯೊನನ್ನು ಸೋಲಿಸಿ ವಿಶ್ವ ಪಟ್ಟ ಗೆದ್ದ ಮೊದಲ ಮೆಕ್ಸಿಕನ್ ಒಕ್ತಾವಿಯೊ ಗಾವೋನಾನಿಂದ ಆರಂಭವಾಗುತ್ತದೆ. ಅಂದರೆ ಎಡಬದಿಗೆ ಇನ್ನೂ ಇಪ್ಪತ್ತೊಂದು ಸೆಂಟಿಮೀಟರ್ ಹಾಳೆ ಅಂಟಿಸಬೇಕು.