ದೊಡ್ಡಣ್ಣನೂ ಚಾಮುಂಡವ್ವನೂ

ಜಾರ್ಜ್ ಆರ್ವೆಲ್ ಅವರ ‘1984’ ಕಾದಂಬರಿಯನ್ನು ಕಳೆದ ತಿಂಗಳು ಎರಡನೆಯ ಬಾರಿ ಓದಿ ಮುಗಿಸಿದಾಗ, ಅದರ ಕೊನೆಯ ವಾಕ್ಯ ನನ್ನ ನಿದ್ದೆಗೆಡಿಸಿತು. ಚಿತ್ರಹಿಂಸೆಯಿಂದ ಜರ್ಜರಿತನಾದ ಕಥಾನಾಯಕ ವಿನ್‌ಸ್ಟನ್ ಸ್ಮಿತ್ ಕಡೆಗೆ ಎಲ್ಲರ ಮೇಲೂ ಕಣ್ಣಿಟ್ಟು ಆಳುವ ಸರ್ವಾಧಿಕಾರಿ ‘ದೊಡ್ಡಣ್ಣ’ನನ್ನೇ (ಬಿಗ್ ಬ್ರದರ್) ಪ್ರೀತಿಸತೊಡಗುತ್ತಾನೆ. ದಿನವೂ ದೇವರಿಗೆ ದೀಪ ಹಚ್ಚುವ ನನಗೆ ಅದು ಮುಳ್ಳಿನಂತೆ ಚುಚ್ಚಿತು. ಕಣ್ಣಿಗೆ ಕಾಣದ ಶಕ್ತಿಗೆ ತಲೆಬಾಗಿ, ಬಂದದ್ದೆಲ್ಲ ಅದರ ಕೃಪೆಯೆನ್ನುವ ನನ್ನ ಭಕ್ತಿಗೂ ಆ ಮುರಿದ ಮನುಷ್ಯನ ಪ್ರೀತಿಗೂ ವ್ಯತ್ಯಾಸವೇನು?

ಕ್ಷಯದಿಂದ ನರಳುತ್ತ, ಸ್ಕಾಟ್ಲೆಂಡಿನ ಜೂರಾ ದ್ವೀಪದಲ್ಲಿ ಆರ್ವೆಲ್ ಬರೆದು ಮುಗಿಸಿದ ಈ ಕೃತಿ 1949ರ ಜೂನ್‌ನಲ್ಲಿ ಪ್ರಕಟವಾಯಿತು. ಮರುವರ್ಷದ ಜನವರಿಯಲ್ಲಿ ಅವರು ತೀರಿಕೊಂಡರು. ಕಾದಂಬರಿಯಲ್ಲಿ ವಿಚಾರಣೆಯ ನಡುವೆ, ಚಿತ್ರಹಿಂಸೆ ಕೊಡಿಸುವ ಆಳುವ ಪಕ್ಷದ ಅಧಿಕಾರಿ ಓಬ್ರಿಯನ್, ನೀನು ದೇವರನ್ನು ನಂಬುತ್ತೀಯಾ ಎಂದು ಕೇಳುತ್ತಾನೆ. ಇಲ್ಲವೆನ್ನುವ ವಿನ್‌ಸ್ಟನ್, ಮನುಷ್ಯನ ಅಂತಸ್ಸತ್ವವೇ ನಿಮ್ಮನ್ನು ಸೋಲಿಸುತ್ತದೆ ಎನ್ನುತ್ತಾನೆ. ಆ ನಂಬಿಕೆಯೂ ಉಳಿಯುವುದಿಲ್ಲ. ನನಗೆ ಅದಕ್ಕಿಂತ ಭಯಂಕರವಾಗಿ ಕಂಡದ್ದು ‘ನ್ಯೂಸ್ಪೀಕ್’ ಎಂಬ ಭಾಷೆ: ಪದಗಳನ್ನು ಒಂದೊಂದಾಗಿ ಕಿತ್ತುಹಾಕಿ, ಆಳುವವರ ವಿರುದ್ಧದ ದೂರು ಬಾಯಿಗಿರಲಿ, ಮನಸ್ಸಿಗೂ ಬಾರದಂತೆ ಮಾಡುವ ಹುನ್ನಾರ.

ಇದೇ ಮಂಕು ಹೊತ್ತು ಒಂದು ಮಂಗಳವಾರ ಬೆಳಗ್ಗೆ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಿದ್ದೆ. ನನ್ನ ಮುಂದೆ, ಮಂಡ್ಯದ ಕಡೆಯವರೆಂದು ಮಾತಿನಿಂದಲೇ ತಿಳಿಯುತ್ತಿದ್ದ ಅಜ್ಜಿಯೊಬ್ಬರು, ಹರಕೆಯಂತೆ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಿದ್ದರು. ಸಾವಿರ ಮೆಟ್ಟಿಲುಗಳ ಆ ದಾರಿಯಲ್ಲಿ ಅವರ ಬಾಯಿಂದ ಹೊರಡುತ್ತಿದ್ದುದು ಸ್ತೋತ್ರವಲ್ಲ, ಬೈಗುಳ. “ಮೂರ್ ವರ್ಸದಿಂದ ಬತ್ತಾ ಇವ್ನಿ, ನಿಂಗೇನ್ ಕಿವಿ ಕೇಳಾಕಿಲ್ವಾ ಚಾಮುಂಡವ್ವ?” ಎಂದು ಗದರುವುದು, ಮತ್ತೆ ಬಗ್ಗಿ ಕುಂಕುಮವಿಡುವುದು.

ದೊಡ್ಡಣ್ಣನ ಭಿತ್ತಿಚಿತ್ರದೆದುರು ಹೀಗೆ ಗದರುವುದು ಸಾಧ್ಯವೇ ಎಂದು ಯೋಚಿಸುತ್ತ ದೊಡ್ಡ ದೇವರಾಜ ಒಡೆಯರ ಕಾಲದ ನಂದಿಯ ಬಳಿ ಸುಧಾರಿಸಿಕೊಳ್ಳಲು ಕುಳಿತೆ. ನಮ್ಮಲ್ಲಿ ದೇವರನ್ನು ಬೈಯುವುದಕ್ಕೆ ನಿಂದಾಸ್ತುತಿಯೆಂಬ ಪ್ರಕಾರವೇ ಇದೆ. ಈ ಸೀಮೆಯ ಜನಪದರಂತೂ ಇದೇ ಚಾಮುಂಡಿಯನ್ನು ನಂಜನಗೂಡಿನ ನಂಜುಂಡನೊಡನೆ ಪ್ರೇಮಕ್ಕೂ ಇಳಿಸಿ, ಜಗಳಕ್ಕೂ ನಿಲ್ಲಿಸಿದ್ದಾರೆ. (ಭಕ್ತಿಯ ಹೆಸರಿನಲ್ಲಿ ಪ್ರಶ್ನೆಯನ್ನು ಅಡಗಿಸುವವರು ನಮ್ಮಲ್ಲೂ ಇಲ್ಲದಿಲ್ಲ, ಅಂಥ ಕಡೆ ದೀಪ ಹಚ್ಚಿದರೂ ನನಗೆ ದೊಡ್ಡಣ್ಣನ ಮುಖವೇ ಕಾಣುತ್ತದೆ.) ಬೈದರೂ ಮುನಿಯದ, ಉತ್ತರ ಕೊಡದಿದ್ದರೂ ದೂರನ್ನು ಕಸಿದುಕೊಳ್ಳದ ಒಬ್ಬಳು ಇದ್ದಾಳೆಂಬ ನೆಚ್ಚಿಕೆಯೇ ಆ ಅಜ್ಜಿಯನ್ನು ನಾಲ್ಕನೆಯ ವರ್ಷವೂ ಬೆಟ್ಟ ಹತ್ತಿಸುತ್ತಿತ್ತು.

ಗರ್ಭಗುಡಿಯೆದುರು ನನ್ನ ಸರದಿ ಬಂದಾಗ, ಎಂದಿನಂತೆ ಬೇಡುವುದನ್ನು ಬಿಟ್ಟು ನಾನೂ ಮನಸ್ಸಿನಲ್ಲೇ ಜಗಳ ತೆಗೆದೆ. ಅರ್ಧಕ್ಕೆ ಬರುವಷ್ಟರಲ್ಲಿ ಹಿಂದಿನವರು ತಳ್ಳಿದರು. ಉಳಿದರ್ಧಕ್ಕೆ ಬರುವ ಮಂಗಳವಾರ ಮತ್ತೆ ಹತ್ತಬೇಕು.