ಬಾದಾಮಿಯ ಓರೆ ಗೆರೆಗಳು
ಬಾದಾಮಿಗೆ ಹೋದವರು ಮೂರನೇ ಗುಹೆಯ ವಿಷ್ಣುವನ್ನು ನೋಡಿಯೇ ನೋಡುತ್ತಾರೆ. ಪಕ್ಕದ ಬಂಡೆಯನ್ನೂ ಸ್ವಲ್ಪ ನೋಡಿ. ಪದರದ ಮೇಲೆ ಪದರ, ಅಲ್ಲಲ್ಲಿ ಓರೆ ಗೆರೆಗಳು. 50 ಕೋಟಿ ವರ್ಷಕ್ಕೂ ಹಿಂದೆ ಹರಿಯುವ ನೀರು ಮರಳು ತಂದು ಸುರಿದ ಗುರುತು ಅದು. ಗೆರೆ ಇಳಿದ ಕಡೆಗೇ ಆಗ ನೀರು ಹರಿಯುತ್ತಿತ್ತು. ಮೇಲಿನ ಭಾರಕ್ಕೆ ಕೆಳಗಿನ ಮರಳು ಒತ್ತಿಕೊಂಡಿತು, ನೀರಲ್ಲಿ ಕರಗಿದ್ದ ಖನಿಜಗಳು ಕಣಗಳನ್ನು ಅಂಟಿಸಿದವು, ಮರಳುಗಲ್ಲಾಯಿತು. ಆ ಕೆಂಪು? ಕಬ್ಬಿಣದ ತುಕ್ಕು, ಅಷ್ಟೇ. ಗುಹೆಯ ಶಾಸನ 578ರದ್ದು. ಅದನ್ನೇ ನಾವು ‘ತುಂಬಾ ಹಳೆಯದು’ ಅನ್ನುತ್ತೇವೆ, ಅಲ್ವಾ! ಇಲ್ಲಿ ಡೈನೋಸಾರ್ ಮೂಳೆ ಮಾತ್ರ ಹುಡುಕಬೇಡಿ. ಅವು ಹುಟ್ಟುವ ಎಷ್ಟೋ ಮೊದಲೇ ಈ ಮರಳು ಕಲ್ಲಾಗಿತ್ತು.