ಯುರೇನಿಯಂ ಮತ್ತು ಫ್ಲೋರಿನ್ನಿನ ನಂಟು

ಉಡುಪಿಯಲ್ಲಿ ಪಿಯುಸಿ ಮಕ್ಕಳಿಗೆ ರಸಾಯನಶಾಸ್ತ್ರ ಕಲಿಸುವ ನನಗೆ, ಫ್ಲೋರಿನ್, ಕ್ಲೋರಿನ್‌ನಂತಹ ಹ್ಯಾಲೋಜನ್‌ಗಳ ಪಾಠ ಬಂದಾಗಲೆಲ್ಲ, ಒಂದು ಯುರೇನಿಯಂಗೆ ಆರು ಫ್ಲೋರಿನ್ ಸೇರಿದ ಯುರೇನಿಯಂ ಹೆಕ್ಸಾಫ್ಲೋರೈಡಿನ ವಿಷಯ ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ನಿಸರ್ಗದಲ್ಲಿ ಸಿಗುವ ಯುರೇನಿಯಂನಲ್ಲಿ ಸುಲಭವಾಗಿ ವಿದಳನಗೊಳ್ಳುವ (ಬೀಜ ಒಡೆದು ಶಕ್ತಿ ಕೊಡುವ) 235ರ ತೂಕದ ಸಮಸ್ಥಾನಿ, ಅಂದರೆ ಅದೇ ಧಾತುವಿನ ಬೇರೆ ತೂಕದ ರೂಪ, ಶೇಕಡ 0.7ರಷ್ಟು ಮಾತ್ರ ಇದ್ದು, ಉಳಿದದ್ದು ಬಹುತೇಕ 238. ರಾಸಾಯನಿಕ ಗುಣದಲ್ಲಿ ಎರಡೂ ಒಂದೇ ಆದ್ದರಿಂದ, 235ರ ಪಾಲು ಹೆಚ್ಚಿಸಲು, ಅಂದರೆ ಸಮೃದ್ಧಗೊಳಿಸಲು, ಅನಿಲ ರೂಪಕ್ಕೆ ತಂದು ತೂಕದ ವ್ಯತ್ಯಾಸದಿಂದ ಬೇರ್ಪಡಿಸುವುದು ರೂಢಿ. ಲೋಹವನ್ನೇ ಆವಿ ಮಾಡಲು ನಾಲ್ಕು ಸಾವಿರ ಡಿಗ್ರಿಗೂ ಮೀರಿದ ಶಾಖ ಬೇಕು, ಹೆಕ್ಸಾಫ್ಲೋರೈಡಾದರೋ 56.5 ಡಿಗ್ರಿ ಸೆಲ್ಸಿಯಸ್‌ನಲ್ಲಿ, ದ್ರವವಾಗದೆಯೇ, ಆವಿಯಾಗುತ್ತದೆ. ಆರು ಫ್ಲೋರಿನ್ ಪರಮಾಣುಗಳು ಯುರೇನಿಯಂ ಅನ್ನು ಆರೂ ಕಡೆಯಿಂದ ಸುತ್ತುವರಿಯುವುದರಿಂದ, ಒಂದು ಅಣುವಿಗೂ ಪಕ್ಕದ ಅಣುವಿಗೂ ನಡುವಿನ ಸೆಳೆತ ತೀರಾ ದುರ್ಬಲವಾಗಿರುತ್ತದೆ.

ನನಗೆ ಇದಕ್ಕಿಂತಲೂ ಅಚ್ಚರಿ ತರುವುದು ಇನ್ನೊಂದು ಸಂಗತಿ. ನಿಸರ್ಗದ ಫ್ಲೋರಿನ್‌ಗೆ 19ರ ತೂಕದ ಒಂದೇ ಒಂದು ಸಮಸ್ಥಾನಿ ಇರುವುದರಿಂದ, ಅಣುಗಳ ತೂಕ 349 ಅಥವಾ 352 ಎಂದು ಯುರೇನಿಯಂನಿಂದಲೇ ನಿರ್ಧಾರವಾಗುತ್ತದೆ. ಕ್ಲೋರಿನ್‌ನಲ್ಲಿ 35 ಮತ್ತು 37 ಎರಡೂ ಬೆರೆತಿರುವುದರಿಂದ ಈ ಲೆಕ್ಕವೇ ಕಲಸಿಹೋಗುತ್ತಿತ್ತು. ಇಷ್ಟಾದರೂ ಎರಡು ಅಣುಗಳ ವೇಗದ ವ್ಯತ್ಯಾಸ ಶೇಕಡ 0.43 ಮಾತ್ರ, ಆದ್ದರಿಂದಲೇ ಸೂಕ್ಷ್ಮ ರಂಧ್ರಗಳ ಪೊರೆಯ ಮೂಲಕ ಬೇರ್ಪಡಿಸುವ ವಿಸರಣ ಸ್ಥಾವರಗಳಲ್ಲಿ ಅನಿಲವನ್ನು ಸಾವಿರಾರು ಹಂತಗಳಲ್ಲಿ ಹಾಯಿಸಬೇಕಾಯಿತು. ಇನ್ನು ಫ್ಲೋರಿನ್ ಬದಲು ಅಯೋಡಿನ್ ಬಳಸೋಣವೆಂದರೆ, ಆರು ಪರಮಾಣುಗಳು ಕೂಡುವ +6ರ ಸ್ಥಿತಿಗೆ ಯುರೇನಿಯಂ ಅನ್ನು ಏರಿಸುವ ಶಕ್ತಿಯೇ ಅದಕ್ಕಿಲ್ಲ.

ಈ ಸಂಯುಕ್ತದ ದೊಡ್ಡ ಶತ್ರು ತೇವ. ಆಟಿ ತಿಂಗಳ ಮಳೆಯಲ್ಲಿ ನಮ್ಮ ಲ್ಯಾಬಿನಲ್ಲಿ ನಿರ್ಜಲ ಅಲ್ಯೂಮಿನಿಯಂ ಕ್ಲೋರೈಡಿನ ಮುಚ್ಚಳ ತೆಗೆದರೆ ಸಾಕು, ಬಾಟಲಿಯ ಬಾಯಿಯಲ್ಲಿ ಬಿಳಿ ಹೊಗೆ ಎದ್ದು ಮೂಗಿಗೆ ಘಾಟು ಹೊಡೆಯುತ್ತದೆ. ಹೆಕ್ಸಾಫ್ಲೋರೈಡ್ ಕೂಡ ಗಾಳಿಯ ತೇವದೊಂದಿಗೆ ವರ್ತಿಸಿ ಯುರೇನೈಲ್ ಫ್ಲೋರೈಡ್ ಮತ್ತು ಹೈಡ್ರೋಜನ್ ಫ್ಲೋರೈಡ್ ಆಗಿ ಒಡೆಯುತ್ತದೆ. ಎರಡನೆಯದು ಶ್ವಾಸಕೋಶವನ್ನೇ ಸುಡುವ ಆಮ್ಲ, ವಿಷ. 1986ರ ಜನವರಿಯಲ್ಲಿ ಅಮೆರಿಕದ ಓಕ್ಲಹೋಮಾದ ಗೋರ್ ಎಂಬಲ್ಲಿ, ಮಿತಿಮೀರಿ ತುಂಬಿದ್ದ ಸಿಲಿಂಡರನ್ನು ಕಾಯಿಸುವಾಗ ಅದು ಒಡೆದು ಒಬ್ಬ ಕಾರ್ಮಿಕ ತೀರಿಕೊಂಡದ್ದು ಈ ಆಮ್ಲದ ಹೊಗೆಯಿಂದಲೇ ಹೊರತು ವಿಕಿರಣದಿಂದಲ್ಲ.

ಇಷ್ಟು ಕೇಳಿದ ಮೇಲೆ ಕರಾವಳಿಯ ಮಕ್ಕಳು ಕೈಗಾದ ಬಗ್ಗೆ ಕೇಳುವುದು ಸಹಜ, ಕೇಳಲೇಬೇಕು ಕೂಡ. ಅಲ್ಲಿನ ರಿಯಾಕ್ಟರುಗಳಲ್ಲಿ ಉರಿಯುವುದು ಸಮೃದ್ಧಗೊಳಿಸದ ಯುರೇನಿಯಂನ ಡೈಆಕ್ಸೈಡ್. ಅಲ್ಲಿ ಬಳಸುವ ಭಾರಜಲವು (ಭಾರವಾದ ಹೈಡ್ರೋಜನ್ ಇರುವ ನೀರು) ನ್ಯೂಟ್ರಾನುಗಳನ್ನು ಹೆಚ್ಚು ನುಂಗದೆ ನಿಧಾನಗೊಳಿಸುವುದರಿಂದ 0.7ರ ಪಾಲೇ ಸಾಕಾಗುತ್ತದೆ; ಹಾಗಾಗಿ ಆ ಇಂಧನ ತಯಾರಿಸುವಾಗ ಹೆಕ್ಸಾಫ್ಲೋರೈಡಿನ ಹಂತವೇ ಬೇಕಾಗುವುದಿಲ್ಲ.